ಅತ್ತೆಯ ಟ್ರ್ಯಾಕ್ಟರ್ ಎಡಕ್ಕೆ ಎಳೆಯುತ್ತಿತ್ತು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಓದುವವರಿಗೆ ಸುಲಭವಾಗುತ್ತದೆ. ಆದರೆ ಆ ವರ್ಷ ಸಂಕ್ರಾಂತಿಯಿಂದ ಯುಗಾದಿಯವರೆಗೆ ನನಗೆ ಬಂದ ಸಿಟ್ಟಿನ ಮುಕ್ಕಾಲು ಪಾಲು ಮನುಷ್ಯರ ಮೇಲೆ ಬಂದದ್ದಲ್ಲ, ಹೆಬ್ಬೆರಳಿನ ಗಾತ್ರದ ಒಂದು ನಟ್ಟಿನ ಮೇಲೆ ಬಂದದ್ದು. ಅದು ಅತ್ತೆಯ ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೆ, ಸ್ಟೀರಿಂಗ್ ಕಂಬಿಯ ಬುಡದಲ್ಲಿತ್ತು. ಅದನ್ನು ಬಿಗಿ ಮಾಡಲು ನಾನು ಎಷ್ಟು ಸಲ ನೆಲದ ಮೇಲೆ ಅಂಗಾತ ಮಲಗಿದ್ದೇನೋ, ಎಷ್ಟು ಸೀರೆ ನೈಟಿಗಳಿಗೆ ಗ್ರೀಸ್ ಮೆತ್ತಿಸಿಕೊಂಡಿದ್ದೇನೋ ಲೆಕ್ಕವಿಟ್ಟಿಲ್ಲ.

ವೈಟ್‌ಫೀಲ್ಡ್ ಕಡೆಯ ನಮ್ಮೂರನ್ನು ಈಗ ಊರು ಎಂದು ಕರೆಯುವುದು ಬಸ್ಸಿನ ಕಂಡಕ್ಟರ್ ಒಬ್ಬನೇ. ಗಂಡನ ಮನೆಯವರ ಜಮೀನಿನಲ್ಲಿ ಬಹುಪಾಲು ಕಟ್ಟಡವಾಗಿದೆ. ರಸ್ತೆಗೆ ಮುಖ ಮಾಡಿ ಹುಡುಗಿಯರ ಪಿ.ಜಿ., ಅದರ ಪಕ್ಕಕ್ಕೆ ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರಿಗೆ ಬಾಡಿಗೆ ಕೊಟ್ಟಿರುವ ಸಾಲು ಕೋಣೆಗಳು, ಅವುಗಳ ಹಿಂದೆ ನಮ್ಮ ಮನೆ. ಮನೆಯ ಹಿಂದೆ ಅರ್ಧ ಎಕರೆಯಷ್ಟು ಮಣ್ಣು ಉಳಿದುಕೊಂಡಿದೆ. ಅದರಲ್ಲಿ ಅತ್ತೆ ದಂಟು, ಮೆಂತ್ಯ, ಕೊತ್ತಂಬರಿ, ಮೂಲಂಗಿ ಬೆಳೆಯುತ್ತಾರೆ. ಚಳಿಗಾಲಕ್ಕೆ ಅವರೆ. ಬೆಳಿಗ್ಗೆ ಗೇಟಿನ ಹತ್ತಿರ ಗೋಣಿಚೀಲ ಹಾಸಿಕೊಂಡು ಕೂತರೆ ಅಪಾರ್ಟ್‌ಮೆಂಟಿನವರು, ಪಿ.ಜಿ.ಯ ಅಡುಗೆಯವರು ಬಂದು ಕೊಂಡುಹೋಗುತ್ತಾರೆ.

ಆ ಅರ್ಧ ಎಕರೆಗೆ ಎತ್ತು ಇಳಿಸಲು ಎತ್ತೇ ಇಲ್ಲ. ದೊಡ್ಡ ಟ್ರ್ಯಾಕ್ಟರ್ ಒಳಗೆ ಬರಲು ದಾರಿಯಿಲ್ಲ. ಇದನ್ನು ಯೋಚಿಸಿಯೇ ನಮ್ಮ ಮಾವ ತಾವು ತೀರಿಹೋಗುವ ಮುಂಚೆ, ಬಾಗಿಲು ಮುಚ್ಚಿದ ಯಾವುದೋ ಕಾರ್ಖಾನೆಯ ಹರಾಜಿನಲ್ಲಿ ಒಂದು ಪುಟ್ಟ ಟ್ರ್ಯಾಕ್ಟರ್ ತಂದಿದ್ದರು. ಕಾರ್ಖಾನೆಯ ಮುಂದಿನ ಹುಲ್ಲು ಕತ್ತರಿಸಲು ಇಟ್ಟುಕೊಂಡಿದ್ದ ಗಾಡಿ ಅದು. ಮಾವ ಹುಲ್ಲಿನ ಬ್ಲೇಡು ಕಿತ್ತುಹಾಕಿ, ಹಿಂದೆ ಕೊಂಡಿ ಬೆಸುಗೆ ಹಾಕಿಸಿ, ನೆಲ ಸೀಳುವ ಮೂರು ಗುಳದ ಒಂದು ಚಿಕ್ಕ ನೇಗಿಲು ಕಟ್ಟಿಸಿದರು. ಮಾವ ಹೋದ ಮೇಲೆ ಅದು ತುಕ್ಕು ಹಿಡಿಯುತ್ತದೆ ಎಂದುಕೊಂಡಿದ್ದೆವು. ಸೈಕಲ್ಲನ್ನೂ ತುಳಿಯದ ಅತ್ತೆ ಒಂದು ಬೆಳಿಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅದರ ಮೇಲೆ ಹತ್ತಿ ಕೂತರು. ಅವತ್ತು ಇಳಿಸಲು ಆಗಲಿಲ್ಲ, ಆಮೇಲೆ ಯಾರೂ ಪ್ರಯತ್ನವನ್ನೂ ಮಾಡಲಿಲ್ಲ.

ವರ್ಷಗಟ್ಟಲೆ ಚೆನ್ನಾಗಿಯೇ ನಡೆಯಿತು. ಆ ಸಂಕ್ರಾಂತಿಯ ಹೊತ್ತಿಗೆ ಗ್ರಹಚಾರ ಶುರುವಾಯಿತು. ಮೊದಲು ಅತ್ತೆ ಎಡಗಡೆ ಬದುವಿನ ಮೇಲಿದ್ದ ನೀರಿನ ಪೈಪು ಒಡೆದರು. ಆಮೇಲೆ ನುಗ್ಗೆ ಮರದ ಬುಡ ಸುಲಿದರು. ಅದಾದ ಮೇಲೆ ಗೇಟಿನ ಒಳಗೆ ತಿರುಗಿಸುವಾಗ ಕ್ಯಾಬ್ ಓಡಿಸುವ ಬಾಡಿಗೆದಾರನೊಬ್ಬನ ಕಾರಿನ ಬಾಗಿಲಿಗೆ ಉದ್ದಕ್ಕೆ ಗೀರು ಹಾಕಿದರು. ಮೂರೂ ಎಡಗಡೆಯೇ.

“ಗಾಡಿ ಎಡಕ್ಕೆ ಎಳೀತೈತೆ. ಸ್ಟೀರಿಂಗು ಸಡ್ಲ ಆಗೈತೆ. ನಾನೇನ್ ಮಾಡ್ಲಿ?” ಎಂದರು ಅತ್ತೆ. ಸ್ಟೀರಿಂಗ್ ಸಡಿಲವಾಗಿದ್ದದ್ದು ನಿಜ. ಕಾಲು ಸುತ್ತು ತಿರುಗಿಸಿದರೂ ಮುಂದಿನ ಚಕ್ರಗಳಿಗೆ ಸುದ್ದಿ ಮುಟ್ಟುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಯಾರೋ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿ ಸುಮ್ಮನಾಗಬಹುದಿತ್ತು. ಆದರೆ ನನ್ನ ಮೈದುನನಿಗೆ ಆ ಅರ್ಧ ಎಕರೆಯ ಮೇಲೆ ಬಹಳ ದಿನದಿಂದ ಕಣ್ಣು. ಕಂಪನಿಗಳ ಕ್ಯಾಬು ನಿಲ್ಲಿಸಲು ಜಾಗ ಕೇಳಿಕೊಂಡು ಒಬ್ಬರು ಅವನ ಹಿಂದೆ ಬಿದ್ದಿದ್ದರು. ನೆಲಕ್ಕೆ ಸಿಮೆಂಟಿನ ಬಿಲ್ಲೆ ಹಾಸಿ, ಮೇಲೆ ಶೀಟು ಹೊದಿಸಿದರೆ ಮುಗಿಯಿತು, ಸೊಪ್ಪು ಕೀಳುವ ರಗಳೆಯಿಲ್ಲ ಎಂಬುದು ಅವನ ವಾದ. ಕೆಟ್ಟವನಲ್ಲ. ತಾಯಿಯನ್ನು ಕಂಡರೆ ಪ್ರಾಣ. ಆದರೆ ಖಾಲಿ ಜಾಗ ಕಂಡರೆ ಅವನಿಗೆ ಕೈ ಕಡಿಯುತ್ತದೆ.

ಕ್ಯಾಬಿಗೆ ಗೀರು ಬಿದ್ದ ದಿನ ಊಟದ ಹೊತ್ತಿಗೆ ಅವನು ಮಾತು ತೆಗೆದ. “ನೋಡಮ್ಮ, ಹೊನ್ನಾರು ದಿನ ನೀನೇ ಓಡ್ಸು. ಗಾಡಿ ಸರಿಯಾಗಿ ಹೋದ್ರೆ ನಾನು ಇನ್ನೊಂದ್ ಮಾತಾಡಲ್ಲ. ಅವತ್ತೂ ಎಲ್ಲಾದ್ರೂ ಗುದ್ದಿದ್ರೆ ಜಾಗ ಕ್ಯಾಬ್‌ನವ್ರಿಗೆ. ಹಿಂಗೇ ಬಿಟ್ರೆ ನಾಳೆ ಯಾವ್ದಾದ್ರೂ ಮಗು ಅಡ್ಡ ಬಂದ್ರೆ ಯಾರ್ ಹೊಣೆ?”

ಹೊನ್ನಾರು ಎಂದರೆ ಯುಗಾದಿ ಕಳೆದ ಮೇಲೆ ಒಳ್ಳೆಯ ದಿನ ನೋಡಿ ಹೂಡುವ ವರ್ಷದ ಮೊದಲ ಉಳುಮೆ. ಹಿಂದೆ ಊರಿನವರೆಲ್ಲ ಎತ್ತಿನ ಕೊಂಬಿಗೆ ಬಣ್ಣ ಹಚ್ಚಿಕೊಂಡು ಒಟ್ಟಿಗೆ ಹೊಲಕ್ಕೆ ಇಳಿಯುತ್ತಿದ್ದರಂತೆ. ಈಗ ಊರಿನಲ್ಲಿ ಹೊನ್ನಾರು ಹೂಡುವುದು ನಮ್ಮ ಅತ್ತೆ ಒಬ್ಬರೇ, ಅದೂ ಹುಲ್ಲು ಕತ್ತರಿಸುವ ಗಾಡಿಯ ಮೂತಿಗೆ ಅರಿಶಿನ ಕುಂಕುಮ ಹಚ್ಚಿ. ನಗುವವರು ನಗುತ್ತಾರೆ. ಪಕ್ಕದ ಅಪಾರ್ಟ್‌ಮೆಂಟಿನ ಬಾಲ್ಕನಿಗಳಿಂದ ಫೋನಿನಲ್ಲಿ ಚಿತ್ರ ತೆಗೆಯುತ್ತಾರೆ. ಅತ್ತೆ ಯಾರನ್ನೂ ತಲೆ ಎತ್ತಿ ನೋಡುವುದಿಲ್ಲ.

ಮೈದುನನ ಮಾತಿಗೆ ಅತ್ತೆಯ ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು. ನನ್ನ ಗಂಡ ಎಂದಿನಂತೆ ಗೋಡೆ ನೋಡಿದರು. “ಸ್ಟೀರಿಂಗ್ ನಾನು ಸರಿ ಮಾಡ್ತೀನಿ,” ಎಂದು ನಾನು ಹೇಳಿಬಿಟ್ಟೆ.

ಹೇಳಲು ಎರಡು ಕಾರಣ ಇದ್ದವು. ಒಂದು, ಅದು ನನ್ನ ಕಸುಬಿಗೆ ಹತ್ತಿರದ ಕೆಲಸ. ಕೈಗಾರಿಕಾ ಪ್ರದೇಶದಲ್ಲಿ ಹಲ್ಲುಚಕ್ರ ತಯಾರಿಸುವ ಒಂದು ವರ್ಕ್‌ಶಾಪಿನಲ್ಲಿ ನಾನು ತಪಾಸಣೆ ವಿಭಾಗದಲ್ಲಿದ್ದೇನೆ. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಮಾಲನ್ನು ಪಕ್ಕಕ್ಕೆಸೆಯುವುದೇ ನನ್ನ ಕೆಲಸ. ಎರಡನೆಯದನ್ನು ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತೇನೆ. ಅತ್ತೆ ಹೊಲದಲ್ಲಿಲ್ಲದ ದಿನ ನನ್ನ ಅಡುಗೆಮನೆಯಲ್ಲಿರುತ್ತಾರೆ. ಸಾರಿಗೆ ಹುಣಿಸೆ ಜಾಸ್ತಿ, ಒಗ್ಗರಣೆ ಸೀದಿದೆ, ಕುಕ್ಕರು ಯಾಕೆ ಇಷ್ಟು ಕೂಗುತ್ತದೆ. ಆ ಹೊಲ ಹೋದರೆ ವರ್ಷವಿಡೀ ಅವರು ನನ್ನ ತಲೆಯ ಮೇಲೆ ಕೂರುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಮನೆಯಲ್ಲಿ ನೆಮ್ಮದಿಯಾಗಿ ಬದುಕಲು ನಮ್ಮಿಬ್ಬರಿಗೂ ಆ ಗಾಡಿ ಬೇಕಿತ್ತು.

ಮೊದಲ ಭಾನುವಾರ ಗಾಡಿಯ ಕೆಳಗೆ ತೂರಿ ನೋಡಿದೆ. ವ್ಯವಸ್ಥೆ ಸರಳವಾಗಿಯೇ ಇತ್ತು. ಸ್ಟೀರಿಂಗ್ ಕಂಬಿಯ ತುದಿಯಲ್ಲಿ ಒಂದು ಸಣ್ಣ ಹಲ್ಲುಚಕ್ರ. ಅದು ಬೀಸಣಿಗೆಯ ಆಕಾರದ ಒಂದು ಹಲ್ಲಿನ ತಟ್ಟೆಯನ್ನು ಕಚ್ಚಿಕೊಂಡಿರುತ್ತದೆ. ತಟ್ಟೆ ಆ ಕಡೆ ಈ ಕಡೆ ಆಡಿದರೆ ಅದಕ್ಕೆ ಸಿಕ್ಕಿಸಿದ ಸಲಾಕೆ ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ. ಹಲ್ಲುಗಳು ಸವೆದಂತೆ ಎರಡರ ನಡುವೆ ಸಂದು ಬೀಳುತ್ತದೆ, ಸ್ಟೀರಿಂಗ್ ಸಡಿಲವಾಗುತ್ತದೆ. ಆಗ ತಟ್ಟೆಯನ್ನು ಹಿಡಿದಿರುವ ನಟ್ಟು ಸಡಿಲಿಸಿ, ತಟ್ಟೆಯನ್ನು ಹಲ್ಲುಚಕ್ರದ ಹತ್ತಿರ ತಳ್ಳಿ, ನಟ್ಟನ್ನು ಮತ್ತೆ ಬಿಗಿ ಮಾಡಬೇಕು. ಇಷ್ಟೇ ಎಂದುಕೊಂಡೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಏಳುತ್ತೇನೆ ಎಂದು ಗಂಡನಿಗೆ ಹೇಳಿದ್ದೆ.

ಏಳಲಿಲ್ಲ. ತಟ್ಟೆಯ ನಡುವಿನ ಹಲ್ಲುಗಳು ಮಾತ್ರ ಸವೆದಿದ್ದವು, ಅಂಚಿನ ಹಲ್ಲುಗಳು ಹೊಸದಾಗಿಯೇ ಇದ್ದವು. ಗಾಡಿ ಬಹುಪಾಲು ನೇರಕ್ಕೆ ಹೋಗುತ್ತದಲ್ಲ, ಸವೆಯುವುದು ನಡುವಿನದೇ. ನಡುವಿನ ಸಂದು ಹೋಗುವಷ್ಟು ತಟ್ಟೆಯನ್ನು ತಳ್ಳಿದರೆ, ಪೂರ್ತಿ ತಿರುಗಿಸುವಾಗ ಅಂಚಿನ ಹಲ್ಲುಗಳು ಬಿಗಿಯಾಗಿ ಸಿಕ್ಕಿಕೊಂಡು ಸ್ಟೀರಿಂಗ್ ಕಲ್ಲಾಗುತ್ತಿತ್ತು. ಅಂಚಿಗೆ ಸರಿ ಮಾಡಿದರೆ ನಡುವೆ ಮತ್ತೆ ಲೊಡಲೊಡ. ನಾನು ಕೆಳಗಿಂದ ಒಂದಿಷ್ಟು ತಳ್ಳುವುದು, ಮೇಲೆದ್ದು ಚಕ್ರ ತಿರುಗಿಸಿ ನೋಡುವುದು, ಮತ್ತೆ ಕೆಳಗೆ ಮಲಗುವುದು. ಆ ನಟ್ಟಿಗೆ ಸ್ಪ್ಯಾನರ್ ಸಿಕ್ಕಿಸಲು ಜಾಗವೂ ಸರಿಯಾಗಿ ಇರಲಿಲ್ಲ. ಪ್ರತಿ ಸಲ ಗೆಣ್ಣಿನ ಚರ್ಮ ಕಿತ್ತು ಬರುತ್ತಿತ್ತು. ಇದನ್ನು ಮಾಡಿದವನಿಗೆ ಕೈ ಇರಲಿಲ್ಲವೇ ಎಂದು ನಾನು ಗಟ್ಟಿಯಾಗಿಯೇ ಬೈಯುತ್ತಿದ್ದೆ. ಪಿ.ಜಿ.ಯ ಹುಡುಗಿಯರು ಬಟ್ಟೆ ಒಣಗಿಸುತ್ತಾ ಮೇಲಿಂದ ಇಣುಕುತ್ತಿದ್ದರು.

ಹೊಸ ತಟ್ಟೆ ಸಿಕ್ಕರೆ ಎಲ್ಲ ಮುಗಿಯುತ್ತಿತ್ತು. ಹೊಸಕೋಟೆ ರಸ್ತೆಯ ಟ್ರ್ಯಾಕ್ಟರ್ ಮೆಕ್ಯಾನಿಕ್‌ಗೆ ಫೋಟೋ ತೋರಿಸಿದೆ. “ಇದು ಆಟದ್ ಸಾಮಾನು ಮೇಡಂ, ನಾವು ಮುಟ್ಟಲ್ಲ,” ಎಂದ. ಹುಲ್ಲಿನ ಯಂತ್ರ ಮಾರುವ ಅಂಗಡಿಯವನು ಅದೇ ಫೋಟೋ ನೋಡಿ, “ಇದು ಟ್ರ್ಯಾಕ್ಟರ್ ಆಗ್ಬಿಟ್ಟಿದೆಯಲ್ಲ ಮೇಡಂ, ನಮ್ ಕಡೆ ಬರಲ್ಲ,” ಎಂದ. ಗಾಡಿಗಳ ಬಿಡಿಭಾಗ ಮಾರುವ ಜೆ.ಸಿ. ರೋಡಿನಲ್ಲಿ ಒಂದು ಶನಿವಾರವನ್ನೇ ಕಳೆದೆ. ಒಬ್ಬ ಇನ್ನೊಬ್ಬನ ಅಂಗಡಿಗೆ ಕಳಿಸಿದ, ಅವನು ಮತ್ತೊಬ್ಬನ ಅಂಗಡಿಗೆ ಕಳಿಸಿದ, ಮತ್ತೊಬ್ಬ ಮೊದಲನೆಯವನ ಅಂಗಡಿಗೇ ಕಳಿಸಿದ. ಅಲ್ಲಿಂದ ಮನೆಗೆ ಬರುವಾಗ ಮೆಟ್ರೋದಲ್ಲಿ ನಿಂತುಕೊಂಡೇ ನನಗೆ ಅಳು ಬಂದಿತ್ತು.

ಕೊನೆಗೆ ಇದ್ದುದರಲ್ಲೇ ಒಂದು ಉಪಾಯ ಹುಡುಕಿದೆ. ಚಕ್ರಗಳಿಗೆ ಹೋಗುವ ಸಲಾಕೆಯ ಉದ್ದವನ್ನು ಸ್ವಲ್ಪ ಬದಲಿಸಿದರೆ, ಗಾಡಿ ನೇರ ಹೋಗುವಾಗ ಹಲ್ಲುಚಕ್ರ ತಟ್ಟೆಯ ಸವೆದ ನಡುಭಾಗವನ್ನು ಬಿಟ್ಟು ಪಕ್ಕದ ಒಳ್ಳೆಯ ಹಲ್ಲುಗಳ ಮೇಲೆ ನಿಲ್ಲುತ್ತದೆ. ಹಾಗೆ ಮಾಡಿದೆ. ಸ್ಟೀರಿಂಗ್ ಚಕ್ರ ಸೊಟ್ಟ ನಿಂತಿತು. ಅದನ್ನು ಬಿಚ್ಚಿ ನೇರ ಕೂರಿಸಿದೆ. ಮುಂದಿನ ಎರಡು ಚಕ್ರಗಳ ನಡುವಿನ ಅಂತರವನ್ನು ದಾರ ಕಟ್ಟಿ ಅಳೆದು ಹೊಂದಿಸಿದೆ. ಆಮೇಲೆ ಸಿಮೆಂಟಿನ ಅಂಗಳದಲ್ಲಿ ಗಾಡಿ ಓಡಿಸಿ, ಎರಡೂ ಕೈ ಬಿಟ್ಟೆ. ನೇರ ಹೋಯಿತು. ಅವತ್ತು ನನ್ನಷ್ಟು ಜಂಬ ಇಡೀ ವೈಟ್‌ಫೀಲ್ಡಿನಲ್ಲಿ ಯಾರಿಗೂ ಇರಲಿಲ್ಲ.

ಮುಂದಿನ ವಾರ ಅತ್ತೆ ಮೂಲಂಗಿ ಮಡಿಯ ಎಡಗಡೆಯ ಬದು ಕಿತ್ತು ಹಾಕಿದ್ದರು.

“ಮತ್ತೆ ಸಡ್ಲ ಆಗೈತಲ್ಲ ಕಣಮ್ಮಿ,” ಎಂದರು. ಹೋಗಿ ತಿರುಗಿಸಿ ನೋಡಿದರೆ ಹೌದು, ಕಾಲು ಸುತ್ತು ಲೊಡಲೊಡ. ನಟ್ಟು ಸಡಿಲವಾಗಿ ತಟ್ಟೆ ಹಿಂದಕ್ಕೆ ಸರಿದಿತ್ತು. ಗಾಡಿಯ ನಡುಕಕ್ಕೆ ಬಿಚ್ಚಿಕೊಂಡಿರಬೇಕು ಎಂದುಕೊಂಡು ಮತ್ತೆ ಬಿಗಿ ಮಾಡಿದೆ. ಮತ್ತೊಂದು ವಾರಕ್ಕೆ ಮತ್ತೆ ಸಡಿಲ. ಒಳಗೆ ಪ್ಲಾಸ್ಟಿಕ್ ಬಳೆ ಇರುವ, ತಾನಾಗಿ ಬಿಚ್ಚದ ನಟ್ಟು ತಂದು ಹಾಕಿದೆ. ಅದೂ ಬಿಚ್ಚಿತು. ಬೋಲ್ಟಿನ ತಿರುಪಿನ ಎಳೆಗಳಿಗೆ ಅಂಟು ಹಚ್ಚಿ ಹಾಕಿದೆ. ಅದೂ ಬಿಚ್ಚಿತು. ವರ್ಕ್‌ಶಾಪಿನಲ್ಲಿ ಹೇಳಿಕೊಂಡರೆ, ಅಂಥ ನಟ್ಟು ತಾನಾಗಿ ಬಿಚ್ಚಲು ಸಾಧ್ಯವೇ ಇಲ್ಲ ಎಂದು ನನ್ನನ್ನೇ ಗೇಲಿ ಮಾಡಿದರು.

ಇನ್ನೊಂದು ವಿಷಯ ನನ್ನ ತಲೆ ತಿನ್ನುತ್ತಿತ್ತು. ಸಡಿಲವಿದ್ದಾಗಲೂ ಗಾಡಿ ನನಗೆ ಎಡಕ್ಕೆ ಎಳೆಯುತ್ತಿರಲಿಲ್ಲ. ಸುಮ್ಮನೆ ಬಿಟ್ಟರೆ ಒಂದು ಚೂರು ಬಲಕ್ಕೇ ಹೋಗುತ್ತಿತ್ತು. ಇದನ್ನು ಹೇಳಿದರೆ ಅತ್ತೆ, “ನೀನು ಅಂಗಳದಾಗೆ ಓಡುಸ್ತೀಯ. ಮಣ್ಣಾಗೆ ಓಡ್ಸಿ ನೋಡು, ಆಮ್ಯಾಕೆ ಮಾತಾಡು,” ಎಂದು ಬಾಯಿ ಮುಚ್ಚಿಸಿದರು. ಮೈದುನ ಊಟಕ್ಕೆ ಕೂತಾಗಲೆಲ್ಲ, “ಅತ್ತಿಗೆ, ಏನಾಯ್ತು ನಿಮ್ ಸ್ಟೀರಿಂಗು?” ಎಂದು ಕೇಳುತ್ತಿದ್ದ. ಕೇಳುವ ಧಾಟಿಗೇ ನನಗೆ ಮೈ ಉರಿಯುತ್ತಿತ್ತು. ಯುಗಾದಿ ಹತ್ತಿರ ಬಂದುಬಿಟ್ಟಿತ್ತು.

ನಮ್ಮ ವರ್ಕ್‌ಶಾಪಿನಲ್ಲಿ ಒಂದು ಪದ್ಧತಿಯಿದೆ. ಬಿಗಿ ಮಾಡಿದ ಮೇಲೆ ನಟ್ಟಿನಿಂದ ಬೋಲ್ಟಿನ ಮೇಲಕ್ಕೆ ಸೇರಿಸಿ ಒಂದು ಬಣ್ಣದ ಗೆರೆ ಎಳೆಯುತ್ತೇವೆ. ನಟ್ಟು ತಿರುಗಿದರೆ ಗೆರೆ ಎರಡಾಗುತ್ತದೆ, ತಿರುಗದಿದ್ದರೆ ಹಾಗೇ ಇರುತ್ತದೆ. ಮನೆಯಲ್ಲಿದ್ದ ಕೆಂಪು ನೈಲ್ ಪಾಲಿಶ್ ತಂದು ಹಾಗೆಯೇ ಎಳೆದೆ. ಜೊತೆಗೆ ನಟ್ಟಿನ ಮೂಲೆಗಳಿಗೂ ತೆಳ್ಳಗೆ ಬಳಿದೆ. ಮುಂದಿನ ಸಲ ಸಡಿಲವಾದಾಗ ಟಾರ್ಚ್ ಹಾಕಿ ನೋಡಿದೆ. ಗೆರೆ ಎರಡಾಗಿತ್ತು. ಅದಕ್ಕಿಂತ ಹೆಚ್ಚಾಗಿ, ನಟ್ಟಿನ ಎರಡು ಮೂಲೆಗಳಲ್ಲಿ ಬಣ್ಣ ಕಿತ್ತುಬಂದು ಲೋಹ ಹೊಳೆಯುತ್ತಿತ್ತು. ನಡುಕಕ್ಕೆ ಬಿಚ್ಚಿದ ನಟ್ಟಿಗೆ ಮೂಲೆಯಲ್ಲಿ ಗಾಯವಾಗುವುದಿಲ್ಲ. ಯಾರೋ ಸ್ಪ್ಯಾನರ್ ಹಾಕಿ ತಿರುಗಿಸಿದ್ದರು.

ಯಾರು ಎಂದು ನಾನು ಯೋಚಿಸಲೇ ಇಲ್ಲ. ಗೊತ್ತೇ ಇತ್ತಲ್ಲ. ಮೈದುನ ಬೈಕಿಗೆ ನೀರು ಹಾಕಿ ತೊಳೆಯುತ್ತಿದ್ದ. ಹೋಗಿ ಕೊಳಾಯಿ ನಿಲ್ಲಿಸಿದೆ.

“ಜಾಗ ಬೇಕಾದ್ರೆ ನೇರವಾಗಿ ಜಗಳ ಆಡಿ. ಹಿಂದಿನಿಂದ ನಟ್ಟು ಬಿಚ್ಚೋ ಕೆಲಸ ಬೇಡ. ಹೆತ್ತ ತಾಯಿ ಕೂರೋ ಗಾಡಿ ಅದು,” ಎಂದೆ.

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖ ಕಪ್ಪಿಟ್ಟಿತು. “ಅತ್ತಿಗೆ, ಜಾಗ ಕೇಳ್ತೀನಿ, ಹೌದು. ಎಲ್ರೆದುರಿಗೂ ಕೇಳ್ತೀನಿ. ಅಮ್ಮ ಕೂರೋ ಗಾಡಿ ನಟ್ಟು ಬಿಚ್ಚೋಷ್ಟು ಕೆಳಗೆ ಇಳ್ದಿದೀನಿ ಅಂತ ಅಂದ್ಕೊಂಡ್ರಾ ನೀವು?” ಎಂದ. ಬಕೆಟ್ಟು ಅಲ್ಲೇ ಬಿಟ್ಟು ಒಳಗೆ ಹೋದ. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟ. ಅತ್ತೆ ಕಲ್ಲಿನ ಹತ್ತಿರ ಬಟ್ಟೆ ಹಿಂಡುತ್ತಿದ್ದವರು ಎಲ್ಲವನ್ನೂ ಕೇಳಿಸಿಕೊಂಡರು, ಒಂದು ಮಾತೂ ಆಡಲಿಲ್ಲ. ಆ ಮೌನವೇ ನನಗೆ ವಿಚಿತ್ರವೆನಿಸಬೇಕಿತ್ತು. ಬೇರೆಯವರ ಜಗಳದಲ್ಲಿ ಅತ್ತೆ ಸುಮ್ಮನಿದ್ದದ್ದೇ ಇಲ್ಲ.

ನಟ್ಟನ್ನು ಮತ್ತೆ ಬಿಗಿ ಮಾಡಿದೆ, ಮತ್ತೆ ಗೆರೆ ಎಳೆದೆ. ಎರಡು ದಿನ ಬಿಟ್ಟು ವರ್ಕ್‌ಶಾಪಿನಲ್ಲಿ ಕರೆಂಟು ಹೋಗಿ ಮಧ್ಯಾಹ್ನವೇ ಮನೆಗೆ ಕಳಿಸಿದರು. ಗಂಡಸರು ಮನೆಯಲ್ಲಿರಲಿಲ್ಲ. ಅಡುಗೆಮನೆಯಲ್ಲಿ ಅತ್ತೆ ಇರಲಿಲ್ಲ. ಹಿಂದಿನ ಬಾಗಿಲು ತೆರೆದು ನೋಡಿದರೆ ಅತ್ತೆ ಗಾಡಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತಿದ್ದರು. ಒಂದು ಕೈಯಲ್ಲಿ ಮಾವನ ಹಳೆಯ ಸ್ಪ್ಯಾನರ್. ಇನ್ನೊಂದು ಕೈ ಗಾಡಿಯ ಹೊಟ್ಟೆಯೊಳಗೆ.

ನಾನು ಕೂಗಲು ಬಾಯಿ ತೆರೆದವಳು ಹಾಗೇ ನಿಂತೆ. ಅವರು ನೋಡಿಕೊಂಡು ಕೆಲಸ ಮಾಡುತ್ತಿರಲಿಲ್ಲ. ಕತ್ತಲಲ್ಲಿ ಬೆಂಕಿಪೊಟ್ಟಣ ಹುಡುಕುವ ಹಾಗೆ ಬೆರಳಿನಿಂದ ತಡವುತ್ತಿದ್ದರು. ನಟ್ಟು ಸಿಕ್ಕಿತು. ಸ್ಪ್ಯಾನರನ್ನು ಎಡಗಡೆ ನೆಲದ ಮೇಲಿಟ್ಟು ಬೆವರು ಒರೆಸಿಕೊಂಡರು. ಮತ್ತೆ ತೆಗೆದುಕೊಳ್ಳಲು ಕೈ ಚಾಚಿದರೆ ಸಿಗಲಿಲ್ಲ. ಒಂದು ಗೇಣು ದೂರದಲ್ಲಿ, ಒಳ್ಳೆಯ ಬಿಸಿಲಿನಲ್ಲಿ ಬಿದ್ದಿತ್ತು. ಅವರ ಕೈ ಅದರ ಸುತ್ತ ಮಣ್ಣು ಸವರಿತು. ಕೊನೆಗೆ ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಬಲಗಣ್ಣಿನಿಂದ ನೋಡಿ ಎತ್ತಿಕೊಂಡರು. ಹಾಗೆ ತಿರುಗಿದ ಕಣ್ಣಿಗೆ ಬಾಗಿಲಲ್ಲಿ ನಿಂತಿದ್ದ ನಾನೂ ಕಂಡೆ.

“ಅತ್ತೆ, ಎಷ್ಟು ದಿನದಿಂದ?” ಎಂದೆ. ನಟ್ಟಿನ ವಿಷಯ ಕೇಳಲು ಮರೆತೇಹೋಗಿತ್ತು.

ಅವರು ಎದ್ದು ನಿಲ್ಲಲಿಲ್ಲ. “ಓದ್ ಅವರೆಕಾಯಿ ಕಾಲ್ದಿಂದ. ಎಡಗಣ್ಣಾಗೆ ಒಲೆ ಒಗೆ ತುಂಬ್ದಂಗೈತೆ. ಏನೂ ಕಾಣಾಕಿಲ್ಲ.”

“ಹೇಳ್ಬಾರ್ದಿತ್ತಾ?”

“ಏಳಿದ್ರೆ ಗಾಡಿ ಕೊಡ್ತಿದ್ರಾ ನೀವು?”

“ಮತ್ತೆ ಇದನ್ಯಾಕೆ ಬಿಚ್ತೀರಾ? ನಾನು ಎಷ್ಟು ಕಷ್ಟಪಟ್ಟು ಬಿಗಿ ಮಾಡಿದೀನಿ ಗೊತ್ತಾ ನಿಮಗೆ?” ಎಂದು ಕೇಳಿದೆ. ಕೇಳುವಾಗ ಧ್ವನಿ ಏರಿತು. ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಅತ್ತೆ ಸ್ಪ್ಯಾನರನ್ನು ಸೆರಗಿನಿಂದ ಒರೆಸುತ್ತಾ ಹೇಳಿದರು. “ಸಡ್ಲ ಇದ್ರೆ ತಪ್ಪು ಗಾಡೀದು ಕಣಮ್ಮಿ. ಬಿಗಿ ಇದ್ರೆ ನಂದು.”

ಅಷ್ಟು ತಿಂಗಳು ನಾನು ಮಾಡುತ್ತಿದ್ದ ಕೆಲಸ ಏನು ಎಂದು ನನಗೆ ಆಗ ತಿಳಿಯಿತು. ಒಂದೊಂದು ಸಲ ನಟ್ಟು ಬಿಗಿ ಮಾಡಿದಾಗಲೂ ಅವರಿಗೆ ಉಳಿದಿದ್ದ ಒಂದೇ ನೆಪವನ್ನು ಕಿತ್ತುಕೊಳ್ಳುತ್ತಿದ್ದೆ. ಅವರು ತಡವುತ್ತಲೇ ಆ ನಟ್ಟನ್ನು ಬಿಚ್ಚಿ ಬಿಚ್ಚಿ ನೆಪವನ್ನು ವಾಪಸ್ಸು ಪಡೆಯುತ್ತಿದ್ದರು. ಅಂಟು ಹಚ್ಚಿದ ನಟ್ಟನ್ನು ಕೂಡ. ಹೋಗಿ ಗಾಡಿಯ ನೆರಳಿನಲ್ಲಿ ಅವರ ಪಕ್ಕ ಕೂತೆ. ಅತ್ತೆ ಆಗಲೂ, “ಮೈದುನನ್ ತಾವ ಅಂಗೆಲ್ಲ ಅಂದಿದ್ದು ತಪ್ಪು ನಿಂದು,” ಎಂದು ನನ್ನನ್ನೇ ಬೈದರು.

ಮಾರನೆಯ ದಿನ ರಜೆ ಹಾಕಿ, ಬ್ಲೌಸ್ ಹೊಲಿಸಬೇಕು ಎಂದು ಮನೆಯಲ್ಲಿ ಹೇಳಿ, ಅವರನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. ಕಣ್ಣಿನ ಒಳಗೆ ಒತ್ತಡ ಏರಿ ಎಡಗಣ್ಣಿನ ನರ ಒಣಗಿದೆ, ಹೋದ ದೃಷ್ಟಿ ವಾಪಸ್ಸು ಬರುವುದಿಲ್ಲ, ಬಲಗಣ್ಣು ಉಳಿಸಿಕೊಳ್ಳಲು ಜೀವನಪೂರ್ತಿ ಹನಿ ಹಾಕಬೇಕು ಎಂದರು. ಮೊದಲೇ ಬಂದಿದ್ದರೆ ಎಡಗಣ್ಣನ್ನೂ ಸ್ವಲ್ಪ ಉಳಿಸಬಹುದಿತ್ತು ಎಂದೂ ಹೇಳಿದರು. ಅತ್ತೆ ಎಲ್ಲ ಕೇಳಿ, “ಗಾಡಿ ಓಡುಸ್ಬೋದಾ?” ಎಂದು ಕೇಳಿದರು. ಡಾಕ್ಟರಮ್ಮ ಯಾವ ಗಾಡಿ ಎಂದು ಕೇಳಿ, ತಿಳಿದುಕೊಂಡು, ಬೇಡ ಎಂದರು. ಬರುವಾಗ ಆಟೋದಲ್ಲಿ ಅತ್ತೆ ಬಲಗಡೆಗೆ ಕೂತು ರಸ್ತೆ ನೋಡಿಕೊಂಡು ಬಂದರು.

ಮನೆ ಹತ್ತಿರ ಬರುತ್ತಿದ್ದಂತೆ ನಾನು ಕೇಳಿದೆ, “ಈಗ ಏನು ಹೇಳೋಣ?”

“ಏನೂ ಏಳ್ಬ್ಯಾಡ,” ಎಂದರು. ಸ್ವಲ್ಪ ದೂರ ಹೋದ ಮೇಲೆ, “ಒನ್ನಾರು ಕಳೀಲಿ. ಆಮ್ಯಾಕೆ ನಾನೇ ಏಳ್ತೀನಿ. ಅವ್ನಿಗೆ ಈಗ್ಲೇ ತಿಳಿದ್ರೆ ನಾಳೇನೇ ಲಾರೀಲಿ ಜಲ್ಲಿ ಇಳುಸ್ತಾನೆ,” ಎಂದರು. ನಾನು ಒಪ್ಪಿದೆ. ಆದರೆ ಅವರನ್ನು ಆ ಸೀಟಿನ ಮೇಲೆ ಕೂರಿಸುವುದಿಲ್ಲ ಎಂದೂ ಹೇಳಿದೆ. ಅದಕ್ಕೆ ಅವರು ಉತ್ತರ ಕೊಡಲಿಲ್ಲ. ಅತ್ತೆ ಉತ್ತರ ಕೊಡದಿದ್ದರೆ ಒಪ್ಪಿದರು ಎಂದಲ್ಲ, ಹಾಗಾಗಿ ಹೊನ್ನಾರಿನ ಹಿಂದಿನ ದಿನ ಪೂರ್ತಿ ನಾನು ಉಸಿರು ಬಿಗಿ ಹಿಡಿದುಕೊಂಡಿದ್ದೆ. ಸಂಜೆ ನಟ್ಟು ನೋಡಿದೆ. ಬಿಗಿಯಾಗಿತ್ತು, ಯಾರೂ ಮುಟ್ಟಿರಲಿಲ್ಲ.

ಬೆಳಿಗ್ಗೆ ಗಾಡಿ ತೊಳೆದು, ಮೂತಿಗೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ನೇಗಿಲಿಗೆ ಪೂಜೆ ಮಾಡಿದೆವು. ಅತ್ತೆ ತೆಂಗಿನಕಾಯಿ ಒಡೆದರು. ಮೈದುನ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ನನ್ನ ಕಡೆ ನೋಡದೆ, ಬದುವಿನ ಮೇಲೆ ಕೈಕಟ್ಟಿ ನಿಂತಿದ್ದ. ನನ್ನ ಗಂಡ ಮಂಗಳಾರತಿ ತಟ್ಟೆ ಹಿಡಿದಿದ್ದರು. ಎಲ್ಲರೂ ಅತ್ತೆ ಹತ್ತುವುದನ್ನು ಕಾಯುತ್ತಿದ್ದೆವು.

ಅತ್ತೆ ಸೀಟಿನ ಮೇಲೆ ಕೈಯಿಟ್ಟರು. ಬಿದ್ದಿದ್ದ ಹೂವಿನ ಎಸಳು ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, “ಗಾಡಿ ಅತ್ತು ನೀನು. ಈ ವರ್ಷದಿಂದ ಒನ್ನಾರು ಸೊಸೇದು,” ಎಂದರು.

“ಅಮ್ಮ, ನೀನ್ ಓಡ್ಸ್ತೀಯ ಅಂತ ಮಾತಾಗಿತ್ತಲ್ಲ,” ಎಂದ ಮೈದುನ.

“ನಿಮ್ಮಪ್ಪ ನಂಗ್ ಬಿಟ್ಟೋದ. ನಾನು ಇವ್ಳಿಗೆ ಕೊಟ್ಟೆ. ಮಾತು ಗಾಡೀದಾಗಿತ್ತು. ಗಾಡಿ ನೋಡ್ಕೊ, ಎಲ್ಲಾದ್ರೂ ಗುದ್ದುತ್ತಾ ಅಂತ,” ಎಂದರು ಅತ್ತೆ. ಅವನು ಏನೋ ಹೇಳಲು ಹೋಗಿ, ಪೂಜೆಯ ಹೊತ್ತಿನಲ್ಲಿ ಬೇಡವೆಂದು ಸುಮ್ಮನಾದ.

ನಾನು ಹತ್ತಿದೆ. ಸಿಮೆಂಟಿನ ಮೇಲೆ ಕೈಬಿಟ್ಟು ಓಡಿಸಿದವಳು ನೇಗಿಲು ಕಟ್ಟಿಕೊಂಡು ಮಣ್ಣಿಗೆ ಇಳಿದದ್ದು ಅದೇ ಮೊದಲು. ಗುಳ ನೆಲ ಕಚ್ಚಿದ ತಕ್ಷಣ ಗಾಡಿಯ ಮೂತಿ ಮೇಲೆದ್ದಿತು. ನಾನು ಹೆದರಿ ಬಲಕ್ಕೆ ತಿರುಗಿಸಿದೆ, ಆಮೇಲೆ ಎಡಕ್ಕೆ, ಮತ್ತೆ ಬಲಕ್ಕೆ. ಅತ್ತೆ ಮುಂದೆ ನಡೆಯುತ್ತಿದ್ದರು, ಸಾಲಿನ ಎಡಗಡೆಯಲ್ಲಿ, ಎಲ್ಲರೂ ತಮ್ಮ ಬಲಗಣ್ಣಿಗೆ ಕಾಣುವ ಹಾಗೆ. ಆ ತುದಿಯ ಬದು ಮುಟ್ಟುವಷ್ಟರಲ್ಲಿ ನನ್ನ ಬೆನ್ನೆಲ್ಲ ಒದ್ದೆಯಾಗಿತ್ತು. ಏನನ್ನೂ ಗುದ್ದಿರಲಿಲ್ಲ. ಇಳಿದು ತಿರುಗಿ ನೋಡಿದೆ. ಹೊಲದ ಉದ್ದಕ್ಕೂ ಬಿದ್ದಿದ್ದ ಸಾಲು ಕುಡುಕ ಮನೆಗೆ ನಡೆದು ಬಂದ ದಾರಿಯ ಹಾಗಿತ್ತು. ಬಾಲ್ಕನಿಯ ಮೇಲೆ ಯಾರೋ ನಕ್ಕರು.

ಮೈದುನ ಸಾಲಿನ ಪಕ್ಕವೇ ನಡೆದು ಬಂದ. ಬಹಳ ದಿನಗಳ ಮೇಲೆ ನನ್ನ ಜೊತೆ ಮಾತಾಡಿದ. “ಏನ್ ಅತ್ತಿಗೆ ಇದು? ಇಷ್ಟ್ ತಿಂಗ್ಳು ಗಾಡಿ ಕೆಳಗೇ ಮಲಗಿದ್ರಲ್ಲ?”

ನಾನು ಹೇಳಬೇಕೆಂದಿದ್ದೆ. ಸ್ಟೀರಿಂಗ್ ಸರಿಯಾಗಿದೆ, ಅದಕ್ಕಿಂತ ಚೆನ್ನಾಗಿ ಹೊಂದಿಕೊಂಡ ಹಲ್ಲುಚಕ್ರ ನಮ್ಮ ವರ್ಕ್‌ಶಾಪಿನಿಂದಲೂ ಹೊರಗೆ ಹೋಗಿಲ್ಲ, ಬೇಕಾದರೆ ನೀವೇ ಕೂತು ನೋಡಿ ಎಂದು. ಅಷ್ಟರಲ್ಲಿ ಅತ್ತೆ ಬಂದು ನನ್ನ ಪಕ್ಕ ನಿಂತರು. ಸಾಲನ್ನು ಒಂದು ಸಲ, ತಲೆ ತಿರುಗಿಸಿ, ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

“ಅವ್ಳನ್ಯಾಕ್ ಅಂತೀಯ? ಅವ್ಳ್ ತಪ್ಪೇನೈತೆ ಇದ್ರಾಗೆ?” ಎಂದರು ಮಗನಿಗೆ. “ಆ ಸ್ಟೀರಿಂಗೇ ಸರಿ ಇಲ್ಲ.”

ನಾನು ಹಲ್ಲು ಕಚ್ಚಿಕೊಂಡು, ಹೌದು ಎಂದೆ.